ತುರಿಕೆಗೆ ನಾಚಿಕೆ ಮದ್ದಲ್ಲ

ನಮ್ಮ ರಾತ್ರಿ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಓದುವ ಆಸೆ ಬಹಳ. ಆದರೆ ಒಂದು ಪುಟ ಮುಗಿಯುವಷ್ಟು ಹೊತ್ತೂ ಒಂದೇ ಕಡೆ ಕೂರುತ್ತಿರಲಿಲ್ಲ. ಎದ್ದು ಎದ್ದು ಹೊರಗೆ ಹೋಗುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ಮೆಲ್ಲಗೆ ಹೇಳಿದರು.

"ಟೀಚರ್, ಕೆಳಗಡೆ ತಡೆಯೋಕಾಗದಷ್ಟು ಕಡಿತ. ಎರಡು ವರ್ಷ ಆಯ್ತು. ಅಂಗಡಿಯಿಂದ ಟ್ಯೂಬು ತರಿಸಿ ಹಚ್ಕೋತೀನಿ. ನಾಲ್ಕು ದಿನ ನಿಲ್ಲುತ್ತೆ. ಮತ್ತೆ ಶುರು. ಯಾರಿಗೆ ಅಂತ ಹೇಳೋದು?"

ಜ್ವರ ಬಂದರೆ ನಾವು ಹೇಳುತ್ತೇವೆ. ಹಲ್ಲುನೋವು ಬಂದರೆ ಹೇಳುತ್ತೇವೆ. ಗುಪ್ತಾಂಗದಲ್ಲಿ ತುರಿಕೆ ಬಂದರೆ ಮಾತ್ರ ಬಾಯಿ ಬಿಡುವುದಿಲ್ಲ. ಕೆಟ್ಟ ನಡತೆಯಿಂದ ಬಂದ ರೋಗ ಅಂದುಕೊಂಡಾರು ಎಂದು ಹೆದರುತ್ತೇವೆ. ಅದು ತಪ್ಪು. ಈ ತುರಿಕೆ ಮದುವೆಯಾಗದ ಹುಡುಗಿಗೂ ಬರಬಹುದು. ಮುಟ್ಟು ನಿಂತ ಅಜ್ಜಿಗೂ ಬರಬಹುದು.

ಕಾರಣ ಒಂದಲ್ಲ, ಹಲವು. ಅವನ್ನು ತಿಳಿಯೋಣ.

ಬೂಷ್ಟಿನ ಸೋಂಕು

ಮಳೆಗಾಲದಲ್ಲಿ ಉಪ್ಪಿನಕಾಯಿಗೆ ತೇವ ತಾಗಿದರೆ ಬೂಷ್ಟು ಬರುತ್ತದಲ್ಲವೇ? ನಮ್ಮ ಮೈಗೂ ಅಂಥ ಸೋಂಕು ಆಗುತ್ತದೆ. ಇದರಲ್ಲಿ ಎರಡು ಬಗೆ.

ಒಂದು ಬಗೆ ಯೋನಿಯಲ್ಲಿ ಆಗುತ್ತದೆ. ಒಡೆದ ಮೊಸರಿನಂಥ ಬಿಳುಪು ಹೋಗುತ್ತದೆ. ತುರಿಕೆ, ಉರಿ ಹೆಚ್ಚು. ಬಸುರಿಯರಿಗೆ ಇದು ಬರುವುದುಂಟು. ಸಕ್ಕರೆ ಕಾಯಿಲೆ ಇದ್ದವರಿಗೂ ಬರುತ್ತದೆ. ಬೇರೆ ಕಾಯಿಲೆಗೆ ಕೆಲವು ಮಾತ್ರೆ ನುಂಗಿದ ಮೇಲೂ ಬರಬಹುದು.

ಇನ್ನೊಂದು ಬಗೆ ಗಜಕರ್ಣ. ಇದು ತೊಡೆಸಂದಿನಲ್ಲಿ ಉಂಗುರದ ಹಾಗೆ ಹರಡುತ್ತದೆ. ಅಂಚು ಕೆಂಪಗೆ ಉಬ್ಬಿರುತ್ತದೆ. ಗದ್ದೆಯಲ್ಲಿ ನೆನೆದ ಬಟ್ಟೆಯಲ್ಲೇ ಸಂಜೆವರೆಗೆ ಇದ್ದರೆ ಇದು ಹೆಚ್ಚುತ್ತದೆ. ಒಬ್ಬರ ಟವೆಲ್ಲು, ಬಟ್ಟೆ ಇನ್ನೊಬ್ಬರು ಬಳಸಿದರೂ ಅಂಟುತ್ತದೆ.

ಕಜ್ಜಿ ಮತ್ತು ಹೇನು

ರಾತ್ರಿ ತುರಿಕೆ ಹೆಚ್ಚೇ? ಬೆರಳ ಸಂದಿನಲ್ಲೂ ಗುಳ್ಳೆ ಇವೆಯೇ? ಮನೆಯಲ್ಲಿ ಮಕ್ಕಳೂ ಕೆರೆದುಕೊಳ್ಳುತ್ತಾರೆಯೇ? ಹಾಗಾದರೆ ಕಜ್ಜಿ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಚರ್ಮ ಕೊರೆದು ಒಳಗೆ ಸೇರುತ್ತದೆ. ಒಬ್ಬರು ಮದ್ದು ಹಚ್ಚಿದರೆ ಸಾಲದು. ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು.

ಕೆಳಗಿನ ಕೂದಲಿಗೂ ಹೇನು ಆಗುವುದುಂಟು. ಇದು ತಲೆಯ ಹೇನಲ್ಲ, ಬೇರೆ ಜಾತಿ. ಹೆಚ್ಚಾಗಿ ಗಂಡಹೆಂಡಿರ ಕೂಟದಿಂದ ದಾಟುತ್ತದೆ.

ಕೂಟದಿಂದ ಅಂಟುವ ಸೋಂಕು

ಹಳದಿ ಅಥವಾ ಹಸಿರು ಬಣ್ಣದ, ನೊರೆಯಂಥ, ಕೆಟ್ಟ ವಾಸನೆಯ ನೀರು ಹೋದರೆ ಇಂಥ ಸೋಂಕು ಇರಬಹುದು. ಗಂಡನಿಗೆ ತೊಂದರೆ ಕಾಣದೆಯೂ ಇರಬಹುದು. ಆದರೂ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು. ಹೆಂಡತಿ ಒಬ್ಬಳೇ ತೆಗೆದುಕೊಂಡರೆ ಸೋಂಕು ಮತ್ತೆ ಬರುತ್ತದೆ. ಯಾರು ತಂದರು ಎಂಬ ಜಗಳದಿಂದ ರೋಗ ವಾಸಿಯಾಗದು.

ಸೋಪು, ಬಟ್ಟೆ, ಪ್ಯಾಡು

ಕೆಲವರ ಚರ್ಮಕ್ಕೆ ವಾಸನೆ ಸೋಪು ಆಗುವುದಿಲ್ಲ. ಸರಿಯಾಗಿ ಜಾಲಿಸದ ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿಯಿಂದಲೂ ಕಡಿತ ಬರುತ್ತದೆ. ಒಂದೇ ಪ್ಯಾಡನ್ನು ಬಹಳ ಹೊತ್ತು ಇಟ್ಟುಕೊಂಡರೂ ಬರುತ್ತದೆ. ಕೂದಲು ತೆಗೆದ ಮೇಲೆ ಅದು ಮತ್ತೆ ಬೆಳೆಯುವಾಗಲೂ ತುರಿಕೆ ಆಗಬಹುದು.

ಮುಟ್ಟು ನಿಂತ ಮೇಲೆ

ಆಗ ಆ ಜಾಗ ಒಣಗುತ್ತದೆ. ಚರ್ಮ ತೆಳುವಾಗುತ್ತದೆ. ಅದರಿಂದಲೂ ತುರಿಕೆ, ಉರಿ ಬರುತ್ತದೆ. ಇದಕ್ಕೂ ಔಷಧಿ ಇದೆ. ಆದರೆ ಬಿಳಿ ಮಚ್ಚೆ, ಗಂಟು, ಮಾಯದ ಹುಣ್ಣು ಕಂಡರೆ ತಡ ಮಾಡಬೇಡಿ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಹೋದರೂ ಬೇಗ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಅದು ಕ್ಯಾನ್ಸರಿನ ಗುರುತೂ ಆಗಿರಬಹುದು.

ಅಂಗಡಿಯ ಟ್ಯೂಬು ಏಕೆ ಬೇಡ?

ನೋಡಿದಿರಾ? ಒಂದೊಂದು ಕಾರಣಕ್ಕೂ ಮದ್ದು ಬೇರೆ ಬೇರೆ. ಅಂಗಡಿಯವರು ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಎಂಬ ಮದ್ದು ಬೆರೆತಿರುತ್ತದೆ. ಹಚ್ಚಿದ ಕೂಡಲೇ ತುರಿಕೆ ಅಡಗುತ್ತದೆ. ಆದರೆ ಗಜಕರ್ಣ ಸಾಯುವುದಿಲ್ಲ, ಇನ್ನಷ್ಟು ಹರಡುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ.

ಔಷಧಿಯ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಓದಲು ಬಾರದು ಎನ್ನುತ್ತೀರಾ? ಕೆಂಪು ಗೆರೆ ನೋಡಿ. ಡಬ್ಬಿಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರು ಹೇಳದೆ ಅದನ್ನು ಬಳಸಬಾರದು ಎಂದು ಅರ್ಥ.

ನಾವು ಏನು ಮಾಡಬೇಕು?

ದಿನವೂ ಹೊರಭಾಗವನ್ನು ಬರೀ ನೀರಿನಿಂದ ತೊಳೆದು ಒರೆಸಿಕೊಳ್ಳೋಣ. ಯೋನಿಯ ಒಳಗೆ ಸೋಪು ಹಾಕಬಾರದು. ಸುಣ್ಣ, ನಿಂಬೆರಸ, ಗಾಯ ತೊಳೆಯುವ ಔಷಧಿ ಯಾವುದೂ ಬೇಡ.

ಹತ್ತಿಯ ಒಳಬಟ್ಟೆ ತೊಡೋಣ. ಮುಟ್ಟಿನ ಬಟ್ಟೆಯನ್ನು, ಒಳಬಟ್ಟೆಯನ್ನು ಮೂಲೆಯಲ್ಲಿ ಮುಚ್ಚಿಡದೆ ಬಿಸಿಲಿಗೆ ಹಾಕೋಣ. ಸೂರ್ಯನಿಗೆ ನಾಚಿಕೆ ಇಲ್ಲ.

ತುರಿಕೆ ನಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳೋಣ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಬಸುರಿಯಾಗಿದ್ದರೆ, ಜ್ವರ ಅಥವಾ ಕಿಬ್ಬೊಟ್ಟೆ ನೋವಿದ್ದರೆ, ಹುಣ್ಣಾಗಿದ್ದರೆ ಕಾಯಬಾರದು. ವೈದ್ಯರಿಗೆ ಮೂರು ಮಾತು ಹೇಳಿ. ಎಷ್ಟು ದಿನದಿಂದ? ಏನಾದರೂ ಹೋಗುತ್ತದೆಯೇ, ಅದರ ಬಣ್ಣ ಏನು? ಇದುವರೆಗೆ ಏನು ಹಚ್ಚಿದ್ದೀರಿ? ಹಚ್ಚಿದ ಟ್ಯೂಬನ್ನೂ ಜೊತೆಗೆ ಒಯ್ಯಿರಿ.

ಆ ಅಕ್ಕನ ಕಥೆ ಏನಾಯಿತು? ನಾವು ಅವರ ಜೊತೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನೋಡಿದರು, ರಕ್ತ ಪರೀಕ್ಷೆ ಬರೆದರು. ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು! ಅದು ಅವರಿಗೇ ತಿಳಿದಿರಲಿಲ್ಲ. ಸಕ್ಕರೆ ಹೆಚ್ಚಾಗಿದ್ದರಿಂದ ಬೂಷ್ಟಿನ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಎರಡಕ್ಕೂ ಔಷಧಿ ಕೊಟ್ಟರು. ತುರಿಕೆ ನಿಂತಿತು. ಸಕ್ಕರೆ ಮಾತ್ರೆ ಇಂದಿಗೂ ತಪ್ಪಿಸುವುದಿಲ್ಲ.

"ಎರಡು ವರ್ಷ ಸುಮ್ನೆ ಕೂತೆನಲ್ಲಾ ಟೀಚರ್" ಎಂದರು ಅಕ್ಕ.

ಈಗ ಅವರು ಪೂರಾ ಪಾಠ ಮುಗಿಯುವವರೆಗೆ ಕೂರುತ್ತಾರೆ. ಈ ಪಾಠವನ್ನು ನಮ್ಮ ಕೇಂದ್ರದಲ್ಲಿ ಮೊದಲು ಗಟ್ಟಿಯಾಗಿ ಓದಿದವರೂ ಅವರೇ.

ಓದಿ, ಮಾತಾಡಿ

1. ಕಜ್ಜಿಗೆ ಮನೆಯವರೆಲ್ಲ ಏಕೆ ಮದ್ದು ಹಚ್ಚಬೇಕು?
2. ನಿಮ್ಮ ಮನೆಯ ಔಷಧಿ ಡಬ್ಬಿಗಳನ್ನು ನೋಡಿ. ಯಾವುದರ ಮೇಲೆ ಕೆಂಪು ಗೆರೆ ಇದೆ?
3. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರು ಬರೆಯಿರಿ.