ಧೂಳಿನ ಲೆಕ್ಕ

ನನ್ನ ಸೋದರಮಾವನ ಊರು ಕೋಲಾರ ಸೀಮೆಯಲ್ಲಿದೆ. ಅವರ ಪಕ್ಕದ ಮನೆಯ ಹಿರಿಯರೊಬ್ಬರು ಹದಿನಾರನೇ ವಯಸ್ಸಿಗೇ ಕಲ್ಲುಕ್ವಾರಿಗೆ ಇಳಿದವರು. ಈಗ ಐವತ್ತನಾಲ್ಕು. ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ. "ದಮ್ಮು ಕಟ್ತದಪ್ಪ, ಎದೆ ಮೇಲೆ ಸೈಜುಗಲ್ಲು ಇಟ್ಟಂಗೆ" ಅನ್ನುತ್ತಾರೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹನ್ನೆರಡು ವರ್ಷದ ಆಸ್ಪತ್ರೆ ಚೀಟಿಗಳನ್ನು ಜೋಪಾನ ಮಾಡಿದ್ದಾರೆ. ಎರಡು ಸಲ ಟಿ.ಬಿ. ಮಾತ್ರೆಯ ಪೂರ್ತಿ ಕೋರ್ಸ್ ನುಂಗಿದ್ದಾರೆ, ಕಫದಲ್ಲಿ ಒಮ್ಮೆಯೂ ಕ್ರಿಮಿ ಸಿಕ್ಕಿರಲಿಲ್ಲ. ಚೀಟಿಗಳನ್ನೆಲ್ಲ ನಾನು ಒಂದೊಂದಾಗಿ ಓದಿದೆ. ತೂಕ ಇದೆ, ಬೀಡಿ ಸೇದುತ್ತಾರೆಂದಿದೆ. ಉದ್ಯೋಗ ಎಂಬ ಜಾಗದಲ್ಲಿ ಎಲ್ಲ ಕಡೆಯೂ ಒಂದೇ ಪದ: ಕೂಲಿ.

ಅಡಿಕೆ ಸುಲಿಯುವವರೂ ಕೂಲಿ, ಮೂಟೆ ಹೊರುವವರೂ ಕೂಲಿ, ಬಂಡೆಗೆ ರಂಧ್ರ ಕೊರೆಯುವವರೂ ಕೂಲಿ. ಮೂವರ ಶ್ವಾಸಕೋಶದೊಳಗೆ ಹೋಗಿದ್ದು ಮಾತ್ರ ಬೇರೆ ಬೇರೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದಾಗ, ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿದ: ನೀನು ಮಾಡುವ ಕೆಲಸ ಏನು? ಕಾರ್ಮಿಕರ ಆರೋಗ್ಯದ ಸಂಶೋಧನೆ ಶುರುವಾಗುವುದು ಇವತ್ತಿಗೂ ಅಲ್ಲಿಂದಲೇ. ಆ ಪ್ರಶ್ನೆಯಿಂದ ಮುಂದಕ್ಕೆ ಸಂಶೋಧಕರು ಏನೇನು ಮಾಡುತ್ತಾರೆ, ಒಂದು ಕಾಯಿಲೆಗೆ ಕೆಲಸವೇ ಕಾರಣವೆಂದು ಹೇಗೆ ಗಟ್ಟಿ ಮಾಡಿಕೊಳ್ಳುತ್ತಾರೆ ಎಂಬುದನ್ನು ಕಲ್ಲಿನ ಧೂಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಾರಣ, ಈ ಕಥೆ ನಮ್ಮ ನೆಲದ್ದೇ.

ಕೋಲಾರದ ಚಿನ್ನ ಸಿಗುತ್ತಿದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಆ ಬೆಣಚನ್ನು ಕೊರೆದು, ಸಿಡಿಸಿ, ಪುಡಿ ಮಾಡಿ ಚಿನ್ನ ತೆಗೆದರು. ಬೆಣಚೆಂದರೆ ಹರಳುರೂಪದ ಸಿಲಿಕ. ಅದರ ಧೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಈ ಕೆ.ಜಿ.ಎಫ್. ಗಣಿಯಿಂದಲೇ. ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 43.7ರಷ್ಟು ಜನರಲ್ಲಿ ಸಿಲಿಕೋಸಿಸ್ ಇತ್ತೆಂದು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಓದುವ ಪಠ್ಯಗಳಲ್ಲಿದೆ. ನೂರರಲ್ಲಿ ಹೆಚ್ಚುಕಡಿಮೆ ನಲವತ್ತನಾಲ್ಕು ಜನ. ಗಣಿ 2001ರಲ್ಲಿ ಮುಚ್ಚಿತು. ಜಿಲ್ಲೆಯ ಬಂಡೆಗಳನ್ನು ಒಡೆಯುವ ಕೆಲಸ ಮುಚ್ಚಲಿಲ್ಲ. ಗ್ರಾನೈಟಿನಲ್ಲೂ ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಬೆಣಚೇ.

ಧೂಳು ಅಂದಕೂಡಲೇ ನಮ್ಮ ಕಣ್ಮುಂದೆ ಬರುವುದು ಜಲ್ಲಿ ಕ್ರಷರಿನ ಮೇಲೆ ಏಳುವ ಬಿಳಿ ಮೋಡ. ಮೋಡದಲ್ಲಿ ಕಾಣುವ ದಪ್ಪ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿ ಕೆಮ್ಮಿನಲ್ಲೋ ಸಿಂಬಳದಲ್ಲೋ ಹೊರಬೀಳುತ್ತವೆ. ಕೊಲ್ಲುವುದು ಕಣ್ಣಿಗೆ ಬೀಳದ ಧೂಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದುಕೊಂಡರೆ, ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ತಲುಪುವ ಕಣ ಹೆಚ್ಚಾಗಿ 5 ಮೈಕ್ರಾನಿಗಿಂತ ಚಿಕ್ಕದು. ಒಂದು ಮೈಕ್ರಾನಿನ ಕಣ ಅಲುಗಾಡದ ಗಾಳಿಯಲ್ಲಿ ಆಳೆತ್ತರದಿಂದ ನೆಲ ಮುಟ್ಟಲು ಗಂಟೆಗಟ್ಟಲೆ ಬೇಕು. ಡ್ರಿಲ್ಲಿಂಗ್ ನಿಲ್ಲಿಸಿ, ಮೋಡ ಇಳಿದ ಮೇಲೆ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾರಲ್ಲ, ಆಗಲೂ ಅದು ಮೂಗಿನೊಳಗೆ ಹೋಗುತ್ತಲೇ ಇರುತ್ತದೆ.

ಒಳಗೆ ಹೋದ ಮೇಲೆ ಆಗುವುದು ಇಷ್ಟು. ಗಾಳಿಗೂಡಿನಲ್ಲಿ ಕಸ ನುಂಗಿ ಚೊಕ್ಕಟ ಮಾಡುವ ಕಾವಲು ಜೀವಕೋಶಗಳಿವೆ. ಅವು ಸಿಲಿಕದ ಚೂರನ್ನೂ ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಸತ್ತ ಕೋಶದಿಂದ ಉರಿಯೂತದ ರಸಾಯನಗಳ ಜತೆ ಆ ಚೂರು ಮತ್ತೆ ಹೊರಬರುತ್ತದೆ, ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಹೀಗೆ ವರ್ಷಾನುಗಟ್ಟಲೆ. ಸುತ್ತ ಕಲೆಗಟ್ಟಿದ ಗಂಟುಗಳು ಬೆಳೆದು, ಸ್ಪಂಜಿನಂತಿರಬೇಕಾದ ಶ್ವಾಸಕೋಶ ಬಿಗಿಯುತ್ತದೆ. ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೂ ಕಾಯಿಲೆ ಮುಂದುವರಿಯಬಹುದು, ಚೂರು ಇನ್ನೂ ಒಳಗೇ ಇರುತ್ತದಲ್ಲ. ಕಲೆಯನ್ನು ಕರಗಿಸುವ ಔಷಧಿ ಇಲ್ಲ. ಸಿಲಿಕ ನುಂಗಿ ಸೋತ ಕಾವಲು ಕೋಶಗಳು ಟಿ.ಬಿ. ಕ್ರಿಮಿಯನ್ನೂ ತಡೆಯಲಾರವಾದ್ದರಿಂದ ಇಂಥವರಿಗೆ ಟಿ.ಬಿ. ಬರುವ ಸಂಭವ ಹೆಚ್ಚು. ಹಾಗಾಗಿ ಇದು ಟಿ.ಬಿ.ಯಾ, ಸಿಲಿಕೋಸಿಸ್ಸಾ ಎಂದು ಒಂದನ್ನೇ ಆರಿಸಿಕೊಳ್ಳುವುದೂ ತಪ್ಪಾಗಬಹುದು. ಎರಡೂ ಒಟ್ಟಿಗಿರಬಹುದು.

ಧೂಳನ್ನು ಅಳೆಯುವ ಕೆಲಸ ನನಗೆ ಬಹಳ ಇಷ್ಟ, ಅದರಲ್ಲಿ ಎಷ್ಟೊಂದು ತಾಳ್ಮೆಯಿದೆ. ಅಳೆಯುವ ಯಂತ್ರವನ್ನು ಕ್ವಾರಿಯ ಮೂಲೆಯಲ್ಲಿಟ್ಟರೆ ಆ ಮೂಲೆಯ ಧೂಳು ಗೊತ್ತಾಗುತ್ತದೆ, ಮನುಷ್ಯ ಉಸಿರಾಡಿದ್ದು ಗೊತ್ತಾಗುವುದಿಲ್ಲ. ಅದಕ್ಕೇ ಕಾರ್ಮಿಕನ ಸೊಂಟಕ್ಕೆ ಬ್ಯಾಟರಿಯ ಪುಟ್ಟ ಪಂಪ್ ಕಟ್ಟುತ್ತಾರೆ. ಅದರ ಕೊಳವೆಯ ಬಾಯನ್ನು ಅಂಗಿಯ ಕಾಲರಿಗೆ, ಮೂಗಿನಿಂದ ಒಂದು ಅಡಿಯೊಳಗೆ ಸಿಕ್ಕಿಸುತ್ತಾರೆ. ಪಂಪ್ ನಿಮಿಷಕ್ಕೆ ಎರಡು ಲೀಟರಿನಷ್ಟು ಗಾಳಿ ಎಳೆಯುತ್ತದೆ. ದಾರಿಯಲ್ಲಿ ಬೆರಳುದ್ದದ ಸೈಕ್ಲೋನ್ ಎಂಬ ಸಾಧನವಿದೆ, ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಕಣಗಳನ್ನು ಕೆಳಕ್ಕೆ ಬೀಳಿಸುತ್ತದೆ. ಸಣ್ಣವು ಮಾತ್ರ ಮುಂದೆ ಹೋಗಿ ಫಿಲ್ಟರ್ ಬಿಲ್ಲೆಯ ಮೇಲೆ ಕೂರುತ್ತವೆ. ನಮ್ಮ ಮೂಗು, ಗಂಟಲು ಮಾಡುವ ಕೆಲಸವನ್ನೇ ಅದು ಅಣಕು ಮಾಡುತ್ತದೆ. ಪಾಳಿ ಮುಗಿದ ಮೇಲೆ ಬಿಲ್ಲೆಯನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ತೂಗಿ, ಎಕ್ಸ್‌ರೇ ಅಥವಾ ಅವಗೆಂಪು ಕಿರಣದ ಪರೀಕ್ಷೆಯಿಂದ ಅದರಲ್ಲಿ ಬೆಣಚೆಷ್ಟು ಎಂದು ಕಂಡುಹಿಡಿಯುತ್ತಾರೆ.

ಎಷ್ಟಿದ್ದರೆ ಅಪಾಯ? ಅಮೆರಿಕ 2016ರಲ್ಲಿ ಎಂಟು ಗಂಟೆಯ ಪಾಳಿಗೆ ಇಟ್ಟ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಬೆಣಚು. ಮೈಮುರಿದು ದುಡಿಯುವವರು ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾರೆ. ಗುಣಿಸಿದರೆ ಅರ್ಧ ಮಿಲಿಗ್ರಾಂ, ಅಂದರೆ ಪುಡಿ ಉಪ್ಪಿನ ಎಂಟೊಂಬತ್ತು ಹರಳಿನ ತೂಕ. ದಿನಕ್ಕೆ ಅಷ್ಟಕ್ಕಿಂತ ಹೆಚ್ಚು ಹೋಗಕೂಡದು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಸೂತ್ರ ಬೇರೆ: ಧೂಳಿನಲ್ಲಿರುವ ಬೆಣಚಿನ ಶೇಕಡಾ ಪ್ರಮಾಣಕ್ಕೆ ಎರಡು ಕೂಡಿಸಿ, ಬಂದದ್ದರಿಂದ ಹತ್ತನ್ನು ಭಾಗಿಸಬೇಕಿತ್ತು. ಧೂಳಿನಲ್ಲಿ ಬೆಣಚು ಶೇಕಡ 30 ಇದ್ದರೆ, ಒಂದು ಘನ ಮೀಟರಿಗೆ 0.31 ಮಿಲಿಗ್ರಾಂ ಸೂಕ್ಷ್ಮ ಧೂಳು ಇರಬಹುದು ಎಂದು ಬರುತ್ತದೆ. ಅದರೊಳಗಿನ ಬೆಣಚನ್ನಷ್ಟೇ ತೆಗೆದರೆ ಅಮೆರಿಕದ ಮಿತಿಯ ಹತ್ತಿರಹತ್ತಿರ ಎರಡರಷ್ಟು. ಇಬ್ಬರ ಶ್ವಾಸಕೋಶವೂ ಒಂದೇ ಬಗೆಯದು, ನಮ್ಮ ಮಿತಿಯನ್ನು ಬಿಗಿ ಮಾಡಬೇಕೆಂದೇ ನನ್ನ ಅಭಿಪ್ರಾಯ.

ಒಂದು ದಿನದ ಅಳತೆಯಿಂದ ಕಾಯಿಲೆಯ ವಿಷಯ ಗೊತ್ತಾಗದು. ಯಾವ ಕೆಲಸ, ಎಷ್ಟು ವರ್ಷ, ಆಗ ಧೂಳೆಷ್ಟು ಎಂದು ಗುಣಿಸಿ ಕೂಡಿಸುತ್ತಾರೆ. ಒಣ ಡ್ರಿಲ್ಲಿಂಗಿನ ಐದು ವರ್ಷ, ಲಾರಿಗೆ ಜಲ್ಲಿ ತುಂಬುವ ಇಪ್ಪತ್ತು ವರ್ಷಕ್ಕಿಂತ ಭಾರವಾಗಿರಬಹುದು. ಆಮೇಲೆ ಎದೆಯ ಎಕ್ಸ್‌ರೇ. ಸಿಲಿಕೋಸಿಸ್ಸಿನ ಆರಂಭದಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದಂತೆ ಸಣ್ಣ ಗುಂಡು ಚುಕ್ಕೆಗಳು ಕಾಣುತ್ತವೆ. ಒಬ್ಬರ ಕಣ್ಣಿಗೆ ಚುಕ್ಕೆ, ಇನ್ನೊಬ್ಬರ ಕಣ್ಣಿಗೆ ನೆರಳು ಎಂದಾಗಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾದರಿ ಎಕ್ಸ್‌ರೇಗಳ ಒಂದು ಕಟ್ಟನ್ನೇ ಮಾಡಿಟ್ಟಿದೆ. ರೋಗಿಯ ಚಿತ್ರವನ್ನು ಮಾದರಿಯ ಪಕ್ಕದಲ್ಲಿಟ್ಟು ಹನ್ನೆರಡು ಮೆಟ್ಟಿಲ ಏಣಿಯಲ್ಲಿ ಯಾವ ಮೆಟ್ಟಿಲು ಎಂದು ಗುರುತು ಹಾಕಬೇಕು. ಒಳ್ಳೆಯ ಅಧ್ಯಯನದಲ್ಲಿ ಇಬ್ಬರು ಮೂವರು ಓದುಗರು, ಚಿತ್ರ ಯಾರದೆಂದು ತಿಳಿಯದೆ, ಬೇರೆ ಬೇರೆ ಕೂತು ಓದುತ್ತಾರೆ. ಜತೆಗೆ ಉಸಿರಿನ ಶಕ್ತಿ ಅಳೆಯುವ ಊದುವ ಪರೀಕ್ಷೆಯೂ ಇರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ರಕ್ತದಲ್ಲಿನ ಸಿಸಿ16 ಎಂಬ ಪ್ರೋಟೀನು ಇಳಿಯುವುದನ್ನು ನೋಡಿ ಹಾನಿಯನ್ನು ಬೇಗ ಗುರುತಿಸುವ ಕಿಟ್ ರೂಪಿಸಿದೆ. ಚುಕ್ಕೆ ಕಾಣುವ ಮೊದಲೇ ಯಾರನ್ನು ಧೂಳಿನಿಂದ ಆಚೆ ತರಬೇಕೆಂದು ತಿಳಿದರೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಇದೇ ಸಂಸ್ಥೆಯ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ.

ಈ ಸಂಶೋಧನೆಯ ಅತಿ ಕಷ್ಟದ ಭಾಗ ಯಂತ್ರದಲ್ಲಿಲ್ಲ, ಜನರನ್ನು ಹುಡುಕುವುದರಲ್ಲಿದೆ. ಇವತ್ತು ಒಂದು ಕ್ವಾರಿಗೆ ಹೋಗಿ ಕೆಲಸದಲ್ಲಿರುವ ಎಲ್ಲರನ್ನೂ ಪರೀಕ್ಷಿಸಿದರೆ ಕಾಯಿಲೆ ಕಮ್ಮಿಯೇ ಕಾಣುತ್ತದೆ. ದಮ್ಮು ಹತ್ತಿದವರು ಆಗಲೇ ಸುತ್ತಿಗೆ ಕೆಳಗಿಟ್ಟು ಊರು ಸೇರಿರುತ್ತಾರೆ. ಗಟ್ಟಿಮುಟ್ಟಾದವರಷ್ಟೇ ಉಳಿದಿರುತ್ತಾರೆ. ಅವರನ್ನು ಎಣಿಸಿ "ಇಲ್ಲಿ ತೊಂದರೆ ಇಲ್ಲ" ಅಂದರೆ, ಸಂತೆ ಮುಗಿದ ಮೇಲೆ ಬಂದು ಜನವೇ ಇರಲಿಲ್ಲ ಅಂದಂತೆ. ಆದ್ದರಿಂದ ಬಿಟ್ಟುಹೋದವರನ್ನು, ತೀರಿಕೊಂಡವರನ್ನು ಹುಡುಕಬೇಕು. ಕೆ.ಜಿ.ಎಫ್.ನಂಥ ಗಣಿಯಲ್ಲಿ ಹಾಜರಿ ಪುಸ್ತಕ ಇತ್ತು, ಗಣಿಯ ಆಸ್ಪತ್ರೆ ಇತ್ತು. ಮೇಸ್ತ್ರಿ ಕರೆದುಕೊಂಡು ಬಂದು ವಾರಕ್ಕೊಮ್ಮೆ ಕೈಗೆ ಬಟವಾಡೆ ಕೊಡುವ ಕ್ವಾರಿಯಲ್ಲಿ ಯಾವ ಪುಸ್ತಕ? ಒಡಿಶಾದಿಂದ, ಬಿಹಾರದಿಂದ ಬಂದು ಐದು ವರ್ಷ ಕೆಲಸ ಮಾಡಿ ಹೋದವರು ಅಲ್ಲಿಯ ಟಿ.ಬಿ. ಲೆಕ್ಕದಲ್ಲಿ ಸೇರಿಹೋಗುತ್ತಾರೆ, ನಮ್ಮ ಬಂಡೆಯ ಲೆಕ್ಕದಲ್ಲಿ ಬರುವುದೇ ಇಲ್ಲ. ಕಾಯಿಲೆಗೆ ಬೀಡಿಯೇ ಕಾರಣವೆಂಬ ವಾದವೂ ಇದೆ. ಅದಕ್ಕೇ ಅದೇ ಊರಿನ, ಅದೇ ವಯಸ್ಸಿನ, ಅಷ್ಟೇ ಬೀಡಿ ಸೇದುವ, ಕ್ವಾರಿಗೆ ಮಾತ್ರ ಹೋಗದ ಜನರನ್ನು ಜತೆಗಿಟ್ಟು ಹೋಲಿಸುತ್ತಾರೆ. ಬೀಡಿಯಿಂದ ಶ್ವಾಸಕೋಶ ಹಾಳಾಗುವುದು ನಿಜ. ಸಿಲಿಕೋಸಿಸ್ಸಿನ ಗಂಟು ಕಟ್ಟುವುದು ಮಾತ್ರ ಸಿಲಿಕ.

ತಡೆಯುವ ಉಪಾಯ ಹಳೆಯದು, ಅಗ್ಗದ್ದು: ನೀರು. ಕೊರೆಯುವ ಟೊಳ್ಳು ಕಂಬಿಯ ಒಳಗಿಂದ ನೀರು ಹಾಯಿಸಿದರೆ ಧೂಳು ಹುಟ್ಟಿದಲ್ಲೇ ಕೆಸರಾಗುತ್ತದೆ. ಕ್ರಷರಿನ ಬಾಯಿಗೆ, ಬೆಲ್ಟಿಗೆ ನೀರಿನ ಸಿಂಪಡಣೆ, ಇಲ್ಲವೇ ಮುಚ್ಚಿಗೆ ಹಾಕಿ ಧೂಳನ್ನು ಹೀರುವ ಕೊಳವೆ. ಮುಖಕ್ಕೆ ಕಟ್ಟುವ ಮಾಸ್ಕು ಕೊನೆಯ ಸಾಲಿನದು. ಮೂಗಿಗೆ ಸುತ್ತುವ ಟವಲಂತೂ ಈ ಸಣ್ಣ ಕಣವನ್ನು ಬಹುಮಟ್ಟಿಗೆ ತಡೆಯುವುದೇ ಇಲ್ಲ. ಟವಲ್ ಕಟ್ಟಿಕೊಂಡೆ ಎಂಬ ನೆಮ್ಮದಿಯಲ್ಲಿ ಎಷ್ಟು ಜನ ಇನ್ನೊಂದು ಗಂಟೆ ಹೆಚ್ಚು ನಿಂತಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

ಇದು ಕ್ವಾರಿಯಲ್ಲೇ ಉಳಿದ ಮಾತಲ್ಲ. ಅಡುಗೆಮನೆಯ ಕಟ್ಟೆಗೆ ಈಗ ಕೃತಕ ಕ್ವಾರ್ಟ್ಜ್ ಹಲಗೆ ಹಾಕಿಸುತ್ತಾರೆ. ಅದರಲ್ಲಿ ಸಿಲಿಕ ಶೇಕಡ 90 ದಾಟುವುದುಂಟು. ಅದನ್ನು ಕತ್ತರಿಸುವ ಯುವಕರಲ್ಲಿ ಕಾಯಿಲೆ ಕಂಡು ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಹಾಕಿಕೊಂಡು ಒಣ ಕಟರ್ ಓಡಿಸುವುದನ್ನು ನಾನೇ ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಗ್ರಾನೈಟೋ ಕ್ವಾರ್ಟ್ಜೋ ಕತ್ತರಿಸುವ ದಿನ ಬ್ಲೇಡಿನ ಮೇಲೆ ನೀರು ಬೀಳುವಂತೆ ಪೈಪ್ ಕೊಡಿ, ಬಯಲಲ್ಲಿ ಕತ್ತರಿಸಲು ಹೇಳಿ, ಧೂಳನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನೆಲ ಕೆಸರಾಯಿತೆಂದು ಗೊಣಗಬೇಡಿ.

ಕಲ್ಲಿನ ಕೆಲಸ ಮಾಡಿದವರು ನಿಮ್ಮಲ್ಲಿದ್ದರೆ ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಕೆಲಸದ ಚರಿತ್ರೆ ಬರೆಸಿ: ಯಾವ ವರ್ಷದಿಂದ ಯಾವ ವರ್ಷ, ಯಾವ ಊರು, ಕೈಯಲ್ಲಿ ಏನಿತ್ತು, ನೀರು ಬಿಡುತ್ತಿದ್ದರೋ ಇಲ್ಲವೋ, ಜತೆಗೆ ಯಾರಿದ್ದರು. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ, ಹೊಸದರ ಪಕ್ಕ ಇಟ್ಟು ನೋಡಲು ಬೇಕಾಗುತ್ತವೆ. ಸಿಲಿಕೋಸಿಸ್ 1948ರಿಂದಲೂ ವೈದ್ಯರು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ, ಪರಿಹಾರ ಕೊಡಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲೂ ಧೂಳಿನ ಶ್ವಾಸಕೋಶ ರೋಗಗಳಿವೆ. ಹಕ್ಕು ಕೇಳಬೇಕಾದರೂ ಮೊದಲು ಈ ಹಾಳೆ ಬೇಕು.

ಆ ಹಿರಿಯರ ಜತೆ ಒಂದು ಸಂಜೆ ಕೂತು ನಾನೇ ಬರೆದೆ. 1987ರಿಂದ 93, ಕೈಸುತ್ತಿಗೆ, ಸೈಜುಗಲ್ಲು. 93ರಿಂದ 2006, ಜಾಕ್‌ಹ್ಯಾಮರ್, ಒಣ ಡ್ರಿಲ್ಲಿಂಗ್. ಆಮೇಲೆ ಕ್ರಷರ್, ಏದುಸಿರು ಬಂದು ಬಿಡುವ ತನಕ. ಜತೆಗಿದ್ದವರು ಯಾರೆಂದು ಕೇಳಿದಾಗ ಬೆರಳು ಮಡಿಚುತ್ತಾ ನಾಲ್ಕು ಹೆಸರು ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ರಲ್ಲಿ ಇಬ್ರು ತೀರ್ಕೊಂಡವ್ರೆ. ಅವ್ರನ್ನೂ ಬರ್ಕೊಳ್ಳೋದಾ?" ಅಂದರು.

ಬರೆದುಕೊಂಡೆ. ಹೆಸರು, ಅಂದಾಜು ವಯಸ್ಸು, ಎಷ್ಟು ವರ್ಷ ಡ್ರಿಲ್ಲಿಂಗ್, ತೀರಿಕೊಂಡ ವರ್ಷ.