ಹಾಕದೆ ಹೋದ ರಜೆ

ನಮ್ಮವರು ಮಾತು ಕಡಿಮೆಯ ಮನುಷ್ಯ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ 30 ಚಿಲ್ಲರೆ ವರ್ಷ ದುಡಿದು ನಿವೃತ್ತರಾದ ಮೇಲೂ ಮನೆಯಲ್ಲಿ ಅವರ ಧ್ವನಿ ಏರುವುದು ಪೇಪರಿನವನೊಡನೆ ಲೆಕ್ಕದ ತಕರಾರು ಬಂದಾಗ ಮಾತ್ರ. ಅಂಥವರು ಕಳೆದ ಶ್ರಾವಣದಲ್ಲಿ, ಮೊಮ್ಮಗು ಹುಟ್ಟಿ ಹತ್ತು ದಿನವಾಗಿದ್ದಾಗ, ಊಟದ ನಡುವೆ ಹೇಳಿದರು: "ಮಗುವನ್ನು ಹೇಗೆ ಎತ್ತಿಕೊಳ್ಳುವುದು ಅಂತ ನನಗೆ ಗೊತ್ತೇ ಇಲ್ಲ, ಮಾರಾಯ್ತಿ. ಎರಡು ಮಕ್ಕಳ ತಂದೆ ನಾನು."

ಸೊಸೆಯ ತಾಯಿಗೆ ಮೊಣಕಾಲು ನೋವು. ಹಾಗಾಗಿ ಬಾಣಂತನ ಡೊಂಬಿವಲಿಯ ನಮ್ಮ ಮನೆಯಲ್ಲೇ ನಡೆಯಿತು. ಮಗನೂ ಕೇಂದ್ರ ಸರ್ಕಾರದ ನೌಕರ. 15 ದಿನ ಪಿತೃತ್ವ ರಜೆ ಹಾಕಿ ಮನೆಯಲ್ಲಿದ್ದ. ಬಾಣಂತಿ ನಾಲ್ಕು ಗಳಿಗೆ ಮಲಗಲಿ ಎಂದು ರಾತ್ರಿ ಎರಡಕ್ಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಕೋಣೆಯಲ್ಲಿ ಅಡ್ಡಾಡುತ್ತಿದ್ದ. ಇವರು ಕತ್ತಲಲ್ಲಿ ಎದ್ದು ಕುಳಿತು ನೋಡುತ್ತಿದ್ದರು.

ಈ ರಜೆಯ ಕಥೆ ಹೇಳಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಇದು ಬಂದದ್ದು 1997ರಲ್ಲಿ. ಮೊದಲ ಎರಡು ಮಕ್ಕಳಿಗೆ ಮಾತ್ರ. ಮಗು ಹುಟ್ಟಿದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ರದ್ದು. ತಾಯಂದಿರಿಗೆ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆದರೆ ಖಾಸಗಿ ಕಂಪನಿಯ ತಂದೆಗೆ ಆ ಕಾನೂನಿನಲ್ಲಿ ಏನೂ ಇಲ್ಲ. ಕೊಟ್ಟರೆ ಕಂಪನಿಯವರ ಕೃಪೆ.

ನಮ್ಮ ಮಗ ಹುಟ್ಟಿದ್ದು 1995ರ ಮಳೆಗಾಲದಲ್ಲಿ, ಉಡುಪಿಯ ಹತ್ತಿರದ ನನ್ನ ತವರಿನಲ್ಲಿ. ಆಗ ಕೊಂಕಣ ರೈಲು ಇರಲಿಲ್ಲ. ಇವರು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಬಂದು, ತೊಟ್ಟಿಲು ಹಾಕಿದ ಮರುದಿನವೇ ಹಿಂದಿರುಗಿದರು. ಅದನ್ನು ನಾನು ತಪ್ಪೆಣಿಸಲಿಲ್ಲ. ಮಗಳು ಹುಟ್ಟಿದ್ದು 1999ರಲ್ಲಿ. ಅಷ್ಟರಲ್ಲಿ ಕೊಂಕಣ ರೈಲು ಬಂದಿತ್ತು. ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಬೆಳಗಾಗುವಾಗ ಉಡುಪಿ. ಆದರೂ ಇವರು ಬರಲಿಲ್ಲ. "ಆಫೀಸಿನಲ್ಲಿ ಕೆಲಸ ಜಾಸ್ತಿ" ಎಂದು ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಹೆಣ್ಣಾಯಿತೆಂದು ಮುನಿಸೋ ಎಂದು ನನ್ನ ಅಮ್ಮ ಒಳಗೊಳಗೇ ಕೊರಗಿದರು. ಆ ಮಾತನ್ನು ನಾನು ಇಷ್ಟು ವರ್ಷ ಇವರಿಗೆ ಹೇಳಿರಲಿಲ್ಲ. ಅಂದು ಊಟದ ಹೊತ್ತಿನಲ್ಲಿ ಹೇಳಿದೆ.

ಇವರು ತಟ್ಟೆ ನೋಡುತ್ತಾ ಕುಳಿತರು. ಆಮೇಲೆ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ಅರ್ಜಿ ಬರೆದಿದ್ದೆ. ಸೆಕ್ಷನ್ನಿನಲ್ಲಿ ಅದುವರೆಗೆ ಆ ರಜೆ ಯಾರೂ ಹಾಕಿರಲಿಲ್ಲ. ಪಕ್ಕದ ಮೇಜಿನವರು ನೋಡಿ, 'ಹೆತ್ತದ್ದು ಯಾರು, ನೀವಾ?' ಅಂತ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅರ್ಜಿ ಡ್ರಾಯರಿಗೆ ಹೋಯಿತು. ಆರು ತಿಂಗಳಾದ ಮೇಲೆ ಹರಿದು ಹಾಕಿದೆ. ಹೆಣ್ಣು ಅಂತ ಅಲ್ಲ, ನಾಚಿಕೆಗೆ. ನೀವು ಇಲ್ಲಿಗೆ ಬಂದ ದಿನ ಮಗು ನನ್ನ ಮುಖ ನೋಡಿ ಚೀರಿತಲ್ಲ, ಅದು ನೆನಪುಂಟಾ? ಆಮೇಲಾದರೂ ಏನು, ಏಳರ ಫಾಸ್ಟ್ ಲೋಕಲಿಗೆ ಹೊರಡುವಾಗ ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು."

ಸ್ವಲ್ಪ ತಡೆದು ತಮ್ಮ ತಂದೆಯ ಮಾತೆತ್ತಿದರು. ನಮ್ಮ ಮಾವ ಮುಂಬಯಿ ಕೋಟೆ ಭಾಗದ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಊರಿಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. "ನನಗೆ ಅಪ್ಪನಿಗಿಂತ ಮನಿಯಾರ್ಡರು ತರುವ ಪೋಸ್ಟ್‌ಮ್ಯಾನಿನ ಗುರುತು ಹೆಚ್ಚಿತ್ತು. ನಾನು ದಿನಾ ಮನೆಗೆ ಬರುತ್ತೇನಲ್ಲ, ಅಪ್ಪನಿಗಿಂತ ಎಷ್ಟೋ ವಾಸಿ ಅಂದುಕೊಂಡಿದ್ದೆ."

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ ತಂದೆತಾಯಿ ಮತ್ತು ಮಕ್ಕಳ ಕುರಿತ ಬೇಕನ್ನನ ಪ್ರಬಂಧವೊಂದಿತ್ತು. ಮಕ್ಕಳ ಕೈಖರ್ಚಿಗೆ ಜಿಪುಣತನ ಕೂಡದು, ಅವರ ವೃತ್ತಿಯನ್ನು ಬೇಗ ಗೊತ್ತುಮಾಡಬೇಕು ಎಂದೆಲ್ಲ ಇದೆ. ತೊಟ್ಟಿಲು ತೂಗುವ ಸುದ್ದಿಯೇ ಇಲ್ಲ! ಅಷ್ಟು ದೊಡ್ಡವರಿಗೇ ತೋಚದ್ದು ನಮ್ಮವರಿಗೆ ಹೇಗೆ ತೋಚಬೇಕು?

ತಪ್ಪೆಲ್ಲ ಇವರ ತಲೆಗೆ ಕಟ್ಟಿದರೆ ಮೆಚ್ಚುವಂಥದ್ದಲ್ಲ. ಮಗನ ಹೊತ್ತಿಗೆ ಇವರು ಎರಡು ಸಲ ಬಾಣಂತಿ ಕೋಣೆಯ ಹೊಸ್ತಿಲವರೆಗೆ ಬಂದಿದ್ದರು. "ಗಂಡಸರಿಗೆ ಇಲ್ಲಿ ಏನು ಕೆಲಸ?" ಎಂದು ಅಮ್ಮ ಕಳಿಸಿಬಿಟ್ಟರು. ಡೊಂಬಿವಲಿಗೆ ಬಂದ ಮೇಲೆ ಒಮ್ಮೆ ಎತ್ತಿಕೊಂಡಾಗ, "ಕುತ್ತಿಗೆ ಹಿಡಿಯಲಿಕ್ಕೆ ಬರುವುದಿಲ್ಲ ನಿಮಗೆ" ಎಂದು ಕಸಿದುಕೊಂಡವಳು ನಾನೇ. ಆಮೇಲೆ ಅವರು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ಮರುದಿನ ಮಗ ತಂದೆಯನ್ನು ಗೋಡೆಗೊರಗಿಸಿ ಕೂರಿಸಿ, ಮೊಣಕೈ ಮಡಚಿಸಿ, ಮಗುವನ್ನು ಇಟ್ಟ. ಇವರು ಉಸಿರು ಬಿಗಿಹಿಡಿದು ಅರ್ಧ ಗಂಟೆ ಅಲ್ಲಾಡಲಿಲ್ಲ. ಕೈ ಜೋಮು ಹಿಡಿದರೂ ತೆಗೆದುಕೊಳ್ಳಿ ಎನ್ನಲಿಲ್ಲ.

ಬೆಂಗಳೂರಿನಲ್ಲಿರುವ ಮಗಳಿಗೆ ಈಗ ಏಳು ತಿಂಗಳು. ಹೆರಿಗೆಗೆ ಇಲ್ಲಿಗೆ ಬರುತ್ತಾಳೆ. ರದ್ದಾದ ಅರ್ಜಿಯ ಕಥೆಯನ್ನು ಇವರೇ ಫೋನಿನಲ್ಲಿ ಅವಳಿಗೆ ಹೇಳಿದರು. ಅವಳು ತುಸು ಹೊತ್ತು ಸುಮ್ಮನಿದ್ದು, "ಗೊತ್ತಾಯ್ತು ಪಪ್ಪ" ಎಂದಳಂತೆ, ಅಷ್ಟೇ. ಅಳಿಯಂದಿರ ಕಂಪನಿ ಕೊಡುವುದು ಐದೇ ದಿನ. ನಿನ್ನೆ ಇವರು ಅವರಿಗೆ ಫೋನು ಮಾಡಿ, ತಮ್ಮ ಸ್ವಭಾವಕ್ಕೆ ಮೀರಿದ ಗಟ್ಟಿ ದನಿಯಲ್ಲಿ, "ಉಳಿದದ್ದಕ್ಕೆ ನಿಮ್ಮ ಸ್ವಂತ ರಜೆ ಸೇರಿಸಿ ಹಾಕಿ, ಅರ್ಜಿ ಇವತ್ತೇ ಕೊಡಿ" ಎನ್ನುತ್ತಿದ್ದರು.