ಸೂರ್ಯನ ಸಂಸಾರದ ಅಳತೆ

ನಮ್ಮ ಮಕ್ಕಳ ಪಾಠಪುಸ್ತಕಗಳಲ್ಲೆಲ್ಲ ಒಂದು ಚಿತ್ರವಿರುತ್ತದೆ. ಎಡಗಡೆಯಲ್ಲಿ ಉರಿಯುವ ಸೂರ್ಯ. ಅವನ ಬಲಕ್ಕೆ, ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರ ಹಾಗೆ, ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲುವಷ್ಟು ಹತ್ತಿರ. ನಾವೂ ಚಿಕ್ಕಂದಿನಲ್ಲಿ ಅದೇ ಚಿತ್ರವನ್ನು ಬರೆದು, ಬಣ್ಣ ತುಂಬಿ, ಮೇಷ್ಟರಿಂದ ಶಹಭಾಸ್ ಎನಿಸಿಕೊಂಡವರೇ. ಅದು ಎಂಥ ದೊಡ್ಡ ಸುಳ್ಳೆಂಬುದು ನಮಗೆ ಹೊಳೆದುದು ಒಬ್ಬ ಹುಡುಗಿಯ ಪ್ರಶ್ನೆಯಿಂದ.

ಸಂಘದ ಮಕ್ಕಳ ಕೂಟದಲ್ಲಿ ಒಂದು ಭಾನುವಾರ ನಾವು ಮಂಗಳಯಾನದ ಕಥೆ ಹೇಳುತ್ತಿದ್ದೆವು. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ಆ ನೌಕೆ ಮಂಗಳನನ್ನು ಸೇರಿದುದು 2014ರ ಸೆಪ್ಟೆಂಬರ್ 24ರಂದು. ಎಂಟು ವರ್ಷದ ಹುಡುಗಿಯೊಬ್ಬಳು ಗೋಡೆಯ ಮೇಲಿನ ಪಟವನ್ನು ತೋರಿಸಿ, “ಮಾಮಾ, ಮಂಗಳ ಭೂಮಿಯ ಪಕ್ಕದಲ್ಲೇ ಇದೆಯಲ್ಲ? ಪಕ್ಕದ ಮನೆಗೆ ಹೋಗಲು ಹತ್ತು ತಿಂಗಳು ಬೇಕೇ?” ಎಂದಳು. ದೊಡ್ಡವರೆಲ್ಲ ನಕ್ಕರು. ಆದರೆ ಉತ್ತರ ಹೇಳಲು ಯಾರೂ ಮುಂದೆ ಬರಲಿಲ್ಲ. ನಾವೂ “ದೂರ ಮಗು, ಬಹಳ ದೂರ” ಎಂದು ತೇಲಿಸಿಬಿಟ್ಟೆವು. ಮನೆಗೆ ಬಂದ ಮೇಲೆ ಮನಸ್ಸು ಚುಚ್ಚಿತು. ಕೋಟಿ ಕೋಟಿ ಎಂದು ಬಾಯಲ್ಲಿ ಹೇಳುತ್ತೇವೆಯೇ ಹೊರತು, ಆ ದೂರ ನಮ್ಮ ಅರಿವಿಗಾದರೂ ಎಲ್ಲಿ ಬಂದಿದೆ?

ಪಟ ಬರೆದವನನ್ನು ದೂರಿ ಫಲವಿಲ್ಲ. ಸೂರ್ಯನಿಂದ ನೆಪ್ಚೂನಿನವರೆಗಿನ ದೂರವನ್ನು ಒಂದು ಮೀಟರು ಉದ್ದದ ಕಾಗದದಲ್ಲಿ ಸರಿಯಾದ ಪ್ರಮಾಣದಲ್ಲಿ ಬರೆಯ ಹೊರಟರೆ, ಸೂರ್ಯನೇ ಪೆನ್ಸಿಲಿನ ಒಂದು ಸಣ್ಣ ಚುಕ್ಕೆಯಾಗುತ್ತಾನೆ. ಭೂಮಿ ಕಣ್ಣಿಗೇ ಕಾಣುವುದಿಲ್ಲ. ಭೂಮಿಯನ್ನು ಎರಡು ಸೆಂಟಿಮೀಟರು ಅಗಲ ಬರೆಯೋಣವೆಂದರೆ, ನೆಪ್ಚೂನನ್ನು ಬರೆಯಲು ಏಳು ಕಿಲೋಮೀಟರು ಆಚೆಗೆ ಹೋಗಬೇಕು. ಗಾತ್ರ ತೋರಿಸಿದರೆ ದೂರ ಸುಳ್ಳಾಗುತ್ತದೆ. ದೂರ ತೋರಿಸಿದರೆ ಗಾತ್ರ ಮಾಯವಾಗುತ್ತದೆ. ಕಾಗದದ ಮೇಲೆ ಇದು ಆಗದ ಕೆಲಸ. ರಸ್ತೆಯ ಮೇಲೆ ಆದೀತು.

ಅಡಿಗೆಮನೆಯ ಗ್ರಹಗಳು

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೆರಡು ಮಕ್ಕಳನ್ನೂ ಅವರ ತಾಯಿತಂದೆಯರನ್ನೂ ಕರೆದುಕೊಂಡು ನಾವು ಮುಂಬಯಿಯ ಚೌಪಾಟಿಗೆ ಹೋದೆವು. ಕೈಯಲ್ಲಿ ಒಂದು ಪುಟ್ಬಾಲು, ಒಂದು ಪೊಟ್ಟಣದಲ್ಲಿ ಅಡಿಗೆಮನೆಯ ಸಾಮಾನು. ಭೂಮಿ ಎರಡು ಮಿಲಿಮೀಟರಿನ ದಪ್ಪ ಸಾಸಿವೆ ಕಾಳೆಂದು ಇಟ್ಟುಕೊಂಡೆವು. ಸೂರ್ಯನ ಅಡ್ಡಳತೆ ಭೂಮಿಯದರ 109ರಷ್ಟು. ಅಂದರೆ ಸರಿಯಾಗಿ ಪುಟ್ಬಾಲಿನ ಗಾತ್ರ. ಶುಕ್ರನೂ ಸಾಸಿವೆಯೇ. ಮಂಗಳ ಒಂದು ರಾಗಿ ಕಾಳು. ಬುಧ ಒಂದು ಗಸಗಸೆ. ಗುರುವಿಗೆ ನೆಲ್ಲಿಕಾಯಿ, ಶನಿಗೆ ಹುಡುಗರು ಆಡುವ ಗೋಲಿ, ಯುರೇನಸ್ ಮತ್ತು ನೆಪ್ಚೂನಿಗೆ ಒಂದೊಂದು ಬಟಾಣಿ. ಶನಿಯ ಬಳೆಗಾಗಿ ಕಾಗದ ಕತ್ತರಿಸಿದೆವು. ಆದರೆ ನಿಜವಾದ ಬಳೆಗಳು ಎಷ್ಟು ತೆಳುವೆಂದರೆ, ಈ ಪ್ರಮಾಣಕ್ಕೆ ಒಪ್ಪುವಷ್ಟು ತೆಳುವಾದ ಕಾಗದ ಎಲ್ಲಿಯೂ ಸಿಕ್ಕದು.

ಮರೀನ್ ಡ್ರೈವಿನ ಮೊದಲಿಗೆ, ಕಟ್ಟೆಯ ಮೇಲೆ ಪುಟ್ಬಾಲನ್ನಿಟ್ಟು ನಡೆಯತೊಡಗಿದೆವು. ಹೆಜ್ಜೆಗೆ ಮುಕ್ಕಾಲು ಮೀಟರೆಂದು ಲೆಕ್ಕ. 12 ಹೆಜ್ಜೆಗೆ ಬುಧ, 23ಕ್ಕೆ ಶುಕ್ರ, 31ಕ್ಕೆ ನಮ್ಮ ಭೂಮಿ. ಅಲ್ಲಿ ನಿಂತು ಹಿಂದಿರುಗಿ ನೋಡಿದಾಗ, ಪುಟ್ಬಾಲು ನಮಗೆ ಆಕಾಶದ ಸೂರ್ಯ ಕಾಣುವಷ್ಟೇ ದೊಡ್ಡದಾಗಿ ಕಂಡಿತು. ಪ್ರಮಾಣ ಸರಿಯಾಗಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಾಸಿವೆಯಿಂದ ಮೂರು ಬೆರಳಗಲ ದೂರದಲ್ಲಿ ಒಂದು ಚಿರೋಟಿ ರವೆಯ ಕಣವಿಟ್ಟು, “ಇದು ಚಂದ್ರ” ಎಂದೆವು. ಮನುಷ್ಯನು ಸ್ವತಃ ಹೋಗಿ ಬಂದಿರುವ ಗಡಿ ಇದೇ ಮೂರು ಬೆರಳು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದುದೂ ಈ ಕಣದ ಮೇಲೆಯೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಟ ಆದಿತ್ಯ-ಎಲ್1 ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು ಹೋಗಿ ನಿಂತು ಅವನನ್ನು ನೋಡುತ್ತಿದೆಯೆಂದು ಪತ್ರಿಕೆಗಳಲ್ಲಿ ಓದಿದ್ದೇವಲ್ಲ. ನಮ್ಮ ಅಳತೆಯಲ್ಲಿ ಅದು ಒಂದು ಗೇಣು. ಮೂವತ್ತೊಂದು ಹೆಜ್ಜೆಯ ದಾರಿಯಲ್ಲಿ ಒಂದು ಗೇಣು!

48ನೆಯ ಹೆಜ್ಜೆಗೆ ಮಂಗಳ, ನಮ್ಮ ರಾಗಿ ಕಾಳು. ಪ್ರಶ್ನೆ ಕೇಳಿದ್ದ ಹುಡುಗಿಯ ಕೈಯಿಂದಲೇ ಅದನ್ನು ಇಡಿಸಿದೆವು. ಭೂಮಿ, ಮಂಗಳ ಎರಡೂ ಸುತ್ತುತ್ತಲೇ ಇರುವುದರಿಂದ ನೌಕೆ ನೇರವಾಗಿ ಹೋಗುವಂತಿಲ್ಲ. ಸೂರ್ಯನನ್ನು ಬಳಸಿಕೊಂಡು, ಮಂಗಳ ಮುಂದೆ ಎಲ್ಲಿಗೆ ಬರುತ್ತಾನೋ ಅಲ್ಲಿಗೆ ಹೋಗಿ ಕಾಯಬೇಕು. ಮಂಗಳಯಾನ ಹೀಗೆ 60 ಕೋಟಿ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿತು. ಆ ಲೆಕ್ಕದಲ್ಲಿ ಸುಮಾರು ನೂರು ಮೀಟರು ಬಳಸಿ, ಒಂದು ರಾಗಿ ಕಾಳನ್ನು ಹುಡುಕಿ ಹಿಡಿದಂತಾಯಿತು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹತ್ತು ತಿಂಗಳು ಕಡಿಮೆಯೇ ಆಯಿತು” ಎಂದಳು.

ಬಯಲೇ ಬಯಲು

ಇಲ್ಲಿಯವರೆಗೆ ಮಕ್ಕಳಿಗೆ ಆಟ. ಮುಂದೆ ಶುರುವಾಯಿತು ನಿಜವಾದ ಪಾಠ. ಮಂಗಳದಿಂದ ಗುರುವಿಗೆ 115 ಹೆಜ್ಜೆ. ನಡುವೆ ಕ್ಷುದ್ರಗ್ರಹಗಳ ಪಟ್ಟಿಯಿದೆ. ಸಿನಿಮಾದಲ್ಲಿ ತೋರಿಸುವಂತೆ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗವಲ್ಲ. ಅಲ್ಲಿರುವ ಎಲ್ಲವನ್ನೂ ಒಟ್ಟುಗೂಡಿಸಿದರೂ ನಮ್ಮ ರವೆಯ ಕಣದ ತೂಕದ ನೂರರಲ್ಲಿ ನಾಲ್ಕು ಪಾಲು ಆದರೆ ಹೆಚ್ಚು. ಪಯೊನೀರ್-10 ನೌಕೆ 1972-73ರಲ್ಲಿ ಮೊದಲ ಬಾರಿಗೆ ಅದನ್ನು ದಾಟಿ ಯಾವ ಅಪಾಯವೂ ಇಲ್ಲದೆ ಆಚೆ ಸೇರಿತು.

163ನೆಯ ಹೆಜ್ಜೆಗೆ ನೆಲ್ಲಿಕಾಯಿ, 300ಕ್ಕೆ ಗೋಲಿ. ಸಣ್ಣ ಮಕ್ಕಳು ಕಾಲು ನೋವೆಂದರು. ಒಬ್ಬ ತಂದೆಯವರು ಕಡಲೆಕಾಯಿ ಕೊಡಿಸಿದರು. 600ನೆಯ ಹೆಜ್ಜೆಗೆ ಬಟಾಣಿಯನ್ನಿಟ್ಟು ನಾವು ಯುರೇನಸ್ಸಿನ ವಿಚಾರ ಹೇಳುತ್ತಿದ್ದಂತೆಯೇ ಪಾರಿವಾಳವೊಂದು ಬಂದು ಆ ಗ್ರಹವನ್ನು ನುಂಗಿ ಹಾರಿಹೋಯಿತು. 940ನೆಯ ಹೆಜ್ಜೆಗೆ ನೆಪ್ಚೂನ್ ಬಂದಾಗ ದೊಡ್ಡವರೂ ಮಾತು ನಿಲ್ಲಿಸಿದ್ದರು. ತಿರುಗಿ ನೋಡಿದರೆ ಪುಟ್ಬಾಲು ಇರಲಿ, ಅದನ್ನು ಕಾಯಲು ನಿಲ್ಲಿಸಿ ಬಂದಿದ್ದ ಹುಡುಗನನ್ನೂ ಗುರುತಿಸುವಂತಿರಲಿಲ್ಲ.

ಇಷ್ಟಾದರೂ ನಾವು ನಡೆದುದು ಒಂದು ಗೆರೆಯ ಮೇಲೆ. ಗ್ರಹಗಳೇನೂ ಸಾಲಾಗಿ ನಿಂತಿಲ್ಲ. ಒಂದೊಂದೂ ತನ್ನ ದಾರಿಯಲ್ಲಿ ಸುತ್ತುತ್ತಿದೆ. ಆದುದರಿಂದ ನಿಜವಾದ ಚಿತ್ರ ಬೇಕಾದರೆ ಊರಿನ ಹೊಲಗಳನ್ನು ನೆನೆದುಕೊಳ್ಳಬೇಕು. ಸುಮಾರು 390 ಎಕರೆಯ ಬಟ್ಟ ಬಯಲು. ನಡುವೆ ಒಂದು ಪುಟ್ಬಾಲು. ಬಯಲಿನ ಮೇಲೆಲ್ಲ ಸೇರಿ ಒಂದು ನೆಲ್ಲಿಕಾಯಿ, ಒಂದು ಗೋಲಿ, ಎರಡು ಬಟಾಣಿ, ಎರಡು ಸಾಸಿವೆ, ಒಂದು ರಾಗಿ, ಒಂದು ಗಸಗಸೆ. ಗ್ರಹಗಳ ಲೆಕ್ಕ ಮುಗಿಯಿತು. ಮಿಕ್ಕುದೆಲ್ಲ ಬಯಲೇ.

ಇರುವೆಯ ವೇಗದ ಬೆಳಕು

ಬೆಳಕಿನಷ್ಟು ವೇಗವಾದುದು ಜಗತ್ತಿನಲ್ಲಿ ಬೇರೆ ಯಾವುದೂ ಇಲ್ಲವೆಂದು ಓದಿದ್ದೇವೆ. ಕ್ಷಣಕ್ಕೆ ಮೂರು ಲಕ್ಷ ಕಿಲೋಮೀಟರು. ನಮ್ಮ ಮರೀನ್ ಡ್ರೈವಿನ ಮೇಲೆ ಆ ಬೆಳಕಿನ ಓಟವೆಷ್ಟು? ಕ್ಷಣಕ್ಕೆ 5 ಸೆಂಟಿಮೀಟರಿಗೂ ಕಡಿಮೆ. ಅವಸರದಲ್ಲಿರುವ ಒಂದು ಇರುವೆಯ ನಡಿಗೆ! ಆ ಇರುವೆ ಪುಟ್ಬಾಲಿನಿಂದ ಹೊರಟು ಸಾಸಿವೆಯನ್ನು ಮುಟ್ಟಲು ಎಂಟು ನಿಮಿಷಕ್ಕೂ ಮೇಲೆ. ನೆಪ್ಚೂನಿಗೆ ನಾಲ್ಕು ಗಂಟೆಗೂ ಮೇಲೆ.

1977ರ ಸೆಪ್ಟೆಂಬರ್ 5ರಂದು ಅಮೆರಿಕದವರು ಹಾರಿಸಿದ ವಾಯೇಜರ್-1 ಇಂದಿಗೂ ಹೋಗುತ್ತಲೇ ಇದೆ. ಕ್ಷಣಕ್ಕೆ 17 ಕಿಲೋಮೀಟರಿನ ಅದರ ಓಟ ನಮ್ಮ ಅಳತೆಯಲ್ಲಿ ದಿನಕ್ಕೊಂದು ಗೇಣು. ಹೀಗೆ ಗೇಣು ಗೇಣಾಗಿ ಹೋಗಿ ಅದು ಈಗ ಸುಮಾರು ನಾಲ್ಕು ಕಿಲೋಮೀಟರು ಮುಟ್ಟಿದೆ. ಎಂದರೆ ಮರೀನ್ ಡ್ರೈವಿನ ಕಾಲುದಾರಿ ನರಿಮನ್ ಪಾಯಿಂಟಿನಲ್ಲಿ ಮುಗಿದು, ಆಚೆಯ ಸಮುದ್ರದಲ್ಲಿ. ಮನುಷ್ಯ ಮಾಡಿದ ವಸ್ತುಗಳಲ್ಲಿ ಇಷ್ಟು ದೂರ ಹೋದುದು ಇನ್ನೊಂದಿಲ್ಲ.

2023ರ ನವೆಂಬರಿನಲ್ಲಿ ಆ ಮುದಿ ನೌಕೆ ಅರ್ಥವಿಲ್ಲದ ಮಾತನ್ನು ಕಳಿಸತೊಡಗಿತು. ಅದರ ಜ್ಞಾಪಕದ ಒಂದು ಚಿಪ್ಪು ಕೆಟ್ಟಿತ್ತು. ಕ್ಯಾಲಿಫೋರ್ನಿಯಾದ ಇಂಜಿನಿಯರುಗಳು ಹಳೆಯ ಕಡತಗಳನ್ನು ಹುಡುಕಿ ತೆಗೆದು, ಕೆಟ್ಟ ಭಾಗದಲ್ಲಿದ್ದ ಸೂಚನೆಗಳನ್ನು ತುಂಡು ತುಂಡಾಗಿ ಬೇರೆ ಕಡೆಗೆ ಸಾಗಿಸಲು ನೋಡಿದರು. 2024ರ ಏಪ್ರಿಲ್ 18ರಂದು ಮೊದಲ ಅಪ್ಪಣೆ ಹೊರಟಿತು. ಬೆಳಕಿನ ವೇಗದ ಆ ಸಂದೇಶ ನೌಕೆಯನ್ನು ಮುಟ್ಟಲು 22½ ಗಂಟೆ. ಉತ್ತರ ಬರಲು ಮತ್ತೆ 22½ ಗಂಟೆ. ಏಪ್ರಿಲ್ 20ರಂದು, ಐದು ತಿಂಗಳ ಮೇಲೆ, ನೌಕೆ ತನ್ನ ಆರೋಗ್ಯದ ಸಮಾಚಾರವನ್ನು ಸರಿಯಾಗಿ ತಿಳಿಸಿತು. ಊರಿಗೆ ಕಾಗದ ಹಾಕಿ, ಅಂಚೆಯವನ ದಾರಿ ನೋಡುತ್ತ ಬಾಗಿಲಲ್ಲಿ ನಿಂತಿದ್ದವರಿಗೆ ಆ ಎರಡು ದಿನದ ಬೇಗುದಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

“ಮುಂದಿನ ನಕ್ಷತ್ರ ಎಲ್ಲಿ?” ಎಂದು ಹುಡುಗನೊಬ್ಬ ಕೇಳಿದ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ನೆರೆಯವನು ಪ್ರಾಕ್ಸಿಮಾ ಎಂಬ ಕೆಂಪು ಕುಬ್ಜ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ನಿಂಬೆಹಣ್ಣು. ಅದನ್ನು ಇಡಲು ಚೌಪಾಟಿಯಿಂದ 6,300 ಕಿಲೋಮೀಟರು, ಯೂರೋಪಿನ ನಡುವಿನವರೆಗೆ ಹೋಗಬೇಕು. ದಿನಕ್ಕೊಂದು ಗೇಣಿನಂತೆ ಹೋಗುವವನಿಗೆ ಅಷ್ಟು ದೂರಕ್ಕೆ 70 ಸಾವಿರ ವರ್ಷಕ್ಕೂ ಮೇಲೆ ಹಿಡಿದೀತು.

ಹಿಂದಿರುಗುವಾಗ ಇಟ್ಟ ಕಾಳುಗಳನ್ನು ಒಂದೊಂದಾಗಿ ಆರಿಸಿಕೊಂಡೆವು. ಸಾಸಿವೆಯ ಹತ್ತಿರ ಬಂದಾಗ, ಧಾರವಾಡದ ಕಡೆಯ ಅಜ್ಜಿಯೊಬ್ಬರು ಕೇಳಿದರು: “ಇದರ ಮ್ಯಾಲ ನಮ್ಮೂರಿಗೂ ಮುಂಬಯಿಗೂ ಎಷ್ಟು ದೂರ ಆಗತದರೀ?” ನಾವು ಲೆಕ್ಕ ಹಾಕಿ ಹೇಳಿದೆವು: ಒಂದು ಕೂದಲೆಳೆಯ ದಪ್ಪ. ಅಜ್ಜಿ ನಕ್ಕು, “ಅಷ್ಟಕ್ಕ ನಲವತ್ತು ವರ್ಷ ಅತ್ತೇನಲ್ಲ!” ಎಂದರು.

ಅತ್ತುದರಲ್ಲಿ ತಪ್ಪೇನೂ ಇಲ್ಲ, ಅಜ್ಜಿ. ನಮ್ಮ ತಾಯಿತಂದೆ, ನಮ್ಮ ಊರು, ನಮ್ಮ ನುಡಿ, ಮಳೆ, ಬೆಳೆ ಎಲ್ಲವೂ ಈ ಒಂದು ಕಾಳಿನ ಸಿಪ್ಪೆಯ ಮೇಲೆಯೇ ಇವೆ. ಆ 390 ಎಕರೆಯ ಬಯಲಿನಲ್ಲಿ ನಾವು ಹೊರಗೆ ಬಂದು, ಬರಿಯ ಮೂಗಿನಿಂದ ಉಸಿರಾಡಿ ಬದುಕಬಹುದಾದ ಜಾಗ ಇನ್ನೊಂದು ಸಿಕ್ಕಿಲ್ಲ. ಓದುಗರು ತಮ್ಮ ಮಕ್ಕಳನ್ನು ಕರೆದುಕೊಂಡು, ಚೆನ್ನೈಯ ಮರೀನಾದಲ್ಲೋ ಪುಣೆ, ಹೈದರಾಬಾದು, ದೆಹಲಿಯ ಯಾವುದಾದರೂ ಉದ್ದನೆಯ ರಸ್ತೆಯಲ್ಲೋ ಒಮ್ಮೆ ಈ 940 ಹೆಜ್ಜೆ ನಡೆದು ನೋಡಲಿ. ಬಟಾಣಿ ಮಾತ್ರ ಒಂದೆರಡು ಹೆಚ್ಚಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.